ಮಾವನ ಬೀಜದ ರಾಗಿ

ನಮ್ಮ ಮಾವನವರಿಗೆ ತಲೆ ನೆಟ್ಟಗಿದೆ ಅಂತ ಎದೆ ತಟ್ಟಿ ಹೇಳೋರು ಇಡೀ ಊರಿಗೆ ಒಬ್ಬರೇ ಇದ್ದರು. ಅದು ನಮ್ಮ ಮಾವನವರೇ! ಉಳಿದವರಿಗೆಲ್ಲ ಅನುಮಾನ. ನಮ್ಮ ಅತ್ತೆಗೆ ಮಾತ್ರ ಅನುಮಾನ ಗಿನುಮಾನ ಏನೂ ಇರಲಿಲ್ಲ. "ಅವ್ರ ತಲೆ ಕೆಟ್ಟು ಬಾಳ ವರ್ಸ ಆಯ್ತು ಕಣಮ್ಮಿ, ನೀನೇನೂ ಎದ್ರಬ್ಯಾಡ" ಅಂತ ನಾನು ಹೊಸಲು ದಾಟಿ ಬಂದ ದಿನವೇ ಹೇಳಿಬಿಟ್ಟರು.

ಅವರ ಹೆಸರು ಕೇಳಬೇಡಿ. ಮಾವನ ಹೆಸರು, ಗಂಡನ ಹೆಸರು ಬಾಯಲ್ಲಿ ಹೇಳೋ ಅಭ್ಯಾಸ ನಮ್ಮ ಕಾಲದವರಿಗಿಲ್ಲ. ಓಟಿನ ಚೀಟಿ ಬರೆಯೋಕೆ ಬಂದವರು ಕೇಳಿದರೂ ಪಕ್ಕದ ಮನೆಯವಳನ್ನ ಕರೆದು ಹೇಳಿಸಿದವಳು ನಾನು. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಬರೆದದ್ದರಲ್ಲಿ ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ. ನನಗೆ ತಿದ್ದೋಕೆ ಪುರುಸೊತ್ತಿಲ್ಲ.

ನಾನು ಪೂರಿಗಾಲಿ ಕಡೆಯವಳು. ಹೆಣ್ಣು ನೋಡೋಕೆ ಅಂತ ಮಾವನವರ ಕಡೆಯವರು ಎರಡು ಗಾಡಿ ಕಟ್ಟಿಕೊಂಡು ಬಂದಿದ್ದರು. ಎಲ್ಲರೂ ಜಗಲಿ ಮೇಲೆ ಕೂತರು. ಮಾವನವರು ಮಾತ್ರ ಮನೆ ಸುತ್ತಿಕೊಂಡು ನೆಟ್ಟಗೆ ಹಿತ್ತಲಿಗೆ ಹೋದರು. ದೂರದಿಂದ ಬಂದವರು, ಪಾಪ, ಅವಸರ ಇರಬೇಕು ಅಂತ ನಮ್ಮವ್ವ ಚೊಂಬಿನಲ್ಲಿ ನೀರು ಹಿಡಿದು ಹಿಂದೆ ಓಡಿದಳು. ನೋಡಿದರೆ ಏನು? ನಮ್ಮ ತಿಪ್ಪೆ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಹಿಡಿ ಗೊಬ್ಬರ ತೆಗೆದು ಮೂಗಿನ ಹತ್ತಿರ ಹಿಡಿದು ಮೂಸ್ತಾ ಇದ್ದಾರೆ!

"ಈ ತಿಪ್ಪೆ ಯಾರಮ್ಮ ಹಾಕೋದು?"

"ನಮ್ಮುಡ್ಗೀನೇ ಕಣಪ್ಪ."

"ಒಂದ್ ಪದರ ಸಗಣಿ, ಒಂದ್ ಪದರ ಸೊಪ್ಪು, ಮೇಲೆ ಮಣ್ಣು. ಯಾರು ಯೋಳ್ಕೊಟ್ಟೋರು?"

"ಯಾರು ಯೋಳ್ಕೊಟ್ಟಾರು? ನಾತ ಬತ್ತದೆ ಅಂತ ಅವಳೇ ಮಣ್ಣು ಮುಚ್ತಾಳೆ."

ಮಾವನವರು ಎದ್ದು ಕೈ ಕೊಡವಿಕೊಂಡು ಜಗಲಿಗೆ ಬಂದು "ಹೆಣ್ಣು ಒಪ್ಗೆ" ಅಂದರು. ನಾನಿನ್ನೂ ಒಳಗೆ ಹೂ ಮುಡೀತಾ ಇದ್ದೆ! ಲೋಕದಲ್ಲಿ ಹೆಣ್ಣನ್ನ ಮೂಗು ನೋಡಿ ಒಪ್ಪುತ್ತಾರೆ, ಬಣ್ಣ ನೋಡಿ ಒಪ್ಪುತ್ತಾರೆ. ತಿಪ್ಪೆ ನೋಡಿ ಒಪ್ಪಿದ ಸೊಸೆ ಮಂಡ್ಯ ಜಿಲ್ಲೇಲಿ ನಾನೊಬ್ಬಳೇ ಇರಬೇಕು.

ಮದುವೆ ಊಟದ ದಿನ ಇನ್ನೊಂದು. ಪಂಕ್ತಿಗೆ ಬಾಳೆಲೆ ಹಾಕಿದ್ದರು. ಮಾವನವರು ಎಲ್ಲಿಂದಲೋ ಒಂದು ಹಗ್ಗ ತಂದು ಚಪ್ಪರದ ಈ ಕಂಬಕ್ಕೂ ಆ ಕಂಬಕ್ಕೂ ಎಳೆದು ಕಟ್ಟಿ, ಎಲೆಗಳನ್ನೆಲ್ಲ ಸಾಲಿಗೆ ಸರಿ ಮಾಡಿಸಿದರು. "ಎಲೆಗೂ ಎಲೆಗೂ ಒಂದು ಗೇಣು ಬುಡ್ರಪ್ಪ, ಮಧ್ಯ ಗಾಳಿ ಆಡ್ಬೇಕು. ಒತ್ತಾಗಿ ಕೂತ್ರೆ ಯಾವುದೂ ಏಳ್ಗೆ ಆಗಲ್ಲ!" ಬೀಗರು ಕೂತಿದ್ದರೋ, ರಾಗಿ ಪೈರು ನಿಂತಿತ್ತೋ! ನಮ್ಮಪ್ಪ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ಇಷ್ಟಕ್ಕೆಲ್ಲ ಮೂಲ ಒಂದು ಸ್ಕೂಲು.

ಅದು ಮಹಾರಾಜರ ಕಾಲ. ನಮ್ಮ ಕಡೆಗೆ ಇನ್ನೂ ನಾಲೆ ಬಂದಿರಲಿಲ್ಲ, ಕಬ್ಬೂ ಇಲ್ಲ, ಫ್ಯಾಕ್ಟರಿಯೂ ಇಲ್ಲ, ಎಲ್ಲಿ ನೋಡಿದರೂ ಹೊಲ, ರಾಗಿ. ಸರ್ಕಾರದವರು ಬೆಂಗಳೂರಿನ ಹತ್ತಿರ ಬೇಸಾಯ ಕಲಿಸೋಕೆ ಅಂತಲೇ ಒಂದು ಸ್ಕೂಲು ಮಾಡಿದ್ದರು. ರೈತರ ಮಕ್ಕಳು ಹೋಗಿ ಅಲ್ಲೇ ಇದ್ದು, ಬೆಳಿಗ್ಗೆ ಉತ್ತು ಮಧ್ಯಾಹ್ನ ಓದಬೇಕು. ಊರವರು ನಕ್ಕು ನಕ್ಕು ಸಾಕಾದರಂತೆ. "ಉಳೋದ್ ಕಲ್ಸಕ್ಕೂ ಸ್ಕೂಲಾ? ಇನ್ನು ಉಣ್ಣೋದ್ ಕಲ್ಸಕ್ಕೂ ಒಂದ್ ಮಾಡ್ತಾರೆ ಬುಡ್ಲಾ!" ಮೀಸೆ ಮೂಡದ ನಮ್ಮ ಮಾವ ಅವರ ಮಾತು ಕಿವಿಗೆ ಹಾಕಿಕೊಳ್ಳದೆ ಮದ್ದೂರಲ್ಲಿ ರೈಲು ಹತ್ತಿಯೇ ಬಿಟ್ಟರು.

ವಾಪಸ್ ಬರುವಾಗ ಮೂರು ವಸ್ತು ತಂದರು. ಒಂದು ಕಬ್ಬಿಣದ ನೇಗಿಲು. ಒಂದು ದಪ್ಪ ಪುಸ್ತಕ, ಒಳಗೆಲ್ಲ ಖಾಲಿ. ಇನ್ನೊಂದು, ಬಟ್ಟೇಲಿ ಕಟ್ಟಿದ ಒಂದು ಹಿಡಿ ರಾಗಿ.

ನೇಗಿಲಿನ ಕತೆ ಅತ್ತೆ ಹೇಳಿದ್ದು. ಕಬ್ಬಿಣ ನೆಟ್ಟರೆ ಭೂಮ್ತಾಯಿಗೆ ನೋವಾಗುತ್ತೆ ಅಂತ ಮಾವನವರ ಅಪ್ಪ ಹೊಲದ ಬದುವಿನ ಮೇಲೆ ಅಡ್ಡ ಮಲಗಿಬಿಟ್ಟರಂತೆ. ಮಾವನವರು ಜಗಳ ಆಡಲಿಲ್ಲ. ಅರ್ಧ ಹೊಲ ಮರದ ನೇಗಿಲಲ್ಲಿ ಅಪ್ಪ ಉಳಲಿ, ಇನ್ನರ್ಧ ಕಬ್ಬಿಣದಲ್ಲಿ ನಾನು ಉಳ್ತೀನಿ ಅಂದರು. ಕಬ್ಬಿಣ ಉತ್ತ ಕಡೆ ರಾಗಿ ಜಾಸ್ತಿ ಬಂತು. "ಅದು ನೇಗ್ಲಿಂದಲ್ಲ ಕಣ್ಲಾ, ಆ ಅರ್ಧದ ಮೇಲೆ ದೇವ್ರ ಕಣ್ಣದೆ" ಅಂದರಂತೆ ಅಪ್ಪ. ಬೇರೆಯವರಾಗಿದ್ದರೆ ಹಣೆ ಹಣೆ ಚಚ್ಚಿಕೊಳ್ಳೋರು. ಮಾವನವರು "ಇರಬೌದು" ಅಂತ ಪುಸ್ತಕದಲ್ಲಿ ಬರೆದುಕೊಂಡು, ಮುಂದಿನ ವರ್ಷ ಆ ಅರ್ಧ ಅಪ್ಪನಿಗೆ ಕೊಟ್ಟು ಈ ಅರ್ಧ ತಾವು ಉತ್ತರು! ಮತ್ತೆ ಕಬ್ಬಿಣವೇ ಗೆದ್ದಿತು. ಮೂರನೇ ವರ್ಷ ಅಪ್ಪನೇ ಕಬ್ಬಿಣದ ನೇಗಿಲು ಕಿತ್ತುಕೊಂಡು, "ದೇವ್ರು ಈಗ ಇದರ ಮೇಲೇ ಬಂದು ಕೂತವ್ನೆ" ಅಂದರಂತೆ.

ಇನ್ನು ಆ ಹಿಡಿ ರಾಗಿ. ಅದನ್ನ ಕೊಟ್ಟವರು ಆ ಸ್ಕೂಲಿನ ಮೇಷ್ಟ್ರು. ಓದು ಮುಗಿಸಿ ಹೊರಟ ಹುಡುಗರಿಗೆಲ್ಲ ಒಂದೊಂದು ಹಿಡಿ ಕೊಟ್ಟು ಹೇಳಿದರಂತೆ: ಇದು ನಾವು ಹತ್ತಾರು ತಳಿಯಲ್ಲಿ ಆರಿಸಿದ್ದು. ನಿಮ್ಮ ನಿಮ್ಮ ಊರಿನ ಮಣ್ಣಿಗೆ ಹಾಕಿ. ಒಳ್ಳೇ ತೆನೆ ಆರಿಸಿ ಬೀಜ ಮಾಡಿ, ಕೇಳಿದವರಿಗೆ ಹಂಚಿ, ತಳಿ ಮಾತ್ರ ಸಾಯಬಾರದು. ವರ್ಷ ವರ್ಷ ಸುಗ್ಗಿ ಆದ ಮೇಲೆ ನನಗೊಂದು ಕಾರ್ಡು ಬರೀರಿ.

ಎಷ್ಟು ಹುಡುಗರು ಬರೆದರೋ, ಎಷ್ಟು ಜನ ದಾರೀಲೇ ಗಿಳಿಗೆ ಹಾಕಿದರೋ ನನಗೆ ಗೊತ್ತಿಲ್ಲ. ನಮ್ಮ ಮಾವನವರು ಮಾತ್ರ ಮನೆ ಹಿಂದಿನ ಹೊಲದಲ್ಲಿ ಎಂಟು ಸಾಲು, ಬರೇ ಎಂಟೇ ಸಾಲು, ಆ ರಾಗಿಗೆ ಅಂತ ಬಿಟ್ಟುಬಿಟ್ಟರು. ಹಗ್ಗ ಹಿಡಿದು ನಾಟಿ. ಒಳ್ಳೇ ತೆನೆಗೆ ಹಕ್ಕಿ ಮುಟ್ಟದ ಹಾಗೆ ಹಳೇ ಪಂಚೆ ಹರಿದು ಹೊಲಿದ ಪುಟ್ಟ ಪುಟ್ಟ ಚೀಲ. ಅತ್ತೆ ಅದನ್ನ ನೋಡಿದಾಗೆಲ್ಲ, "ನಾನ್ ಎತ್ತ ಮಕ್ಳಿಗೆ ಒಂದ್ ಕುಲಾವಿ ವಲ್ಸ್ಲಿಲ್ಲ, ರಾಗಿಗೆ ವಲ್ಸವ್ರೆ" ಅನ್ನೋರು. ಆ ತೆನೆಗಳ ಕಾಳು ಒಂದು ಮಡಕೆ. ಉಳಿದದ್ದೆಲ್ಲ ಕೇಳಿದವರಿಗೆ, ಕೇಳದವರಿಗೆ ಹಿಡಿ ಹಿಡಿ ದಾನ. ನಮ್ಮ ಮನೆ ಒಲೆಗೆ ಮಾತ್ರ ಅದರಲ್ಲಿ ಒಂದು ಕಾಳು ಇಲ್ಲ! "ಬೀಜಕ್ಕೆ ಕೊಟ್ಟಿದ್ದನ್ನ ಹೊಟ್ಟೆಗೆ ಹಾಕ್ಕೊಂಡ್ರೆ ಮೇಷ್ಟ್ರಿಗೆ ಏನಂತ ಬರೀಲಿ?"

ಕಾರ್ಡಿನಲ್ಲಿ ಅವರು ಬರೆಯೋದು ಬಿತ್ತಿದ ದಿನ, ಮಳೆ, ರೋಗ, ತೆನೆ, ತೂಕ, ಕೊನೆಗೆ ರುಚಿ. ಮೇಷ್ಟ್ರು ಹೇಳಿಕೊಟ್ಟ ವರಸೆ. ರುಚಿ ಅನ್ನೋ ಕಡೆ ಪ್ರತಿ ವರ್ಷವೂ ಒಂದೇ ಮಾತು: ನೋಡಿಲ್ಲ.

ಮಳೆ ಅಳೆಯೋಕೆ ಅತ್ತೆಯ ತವರಿನ ತಾಮ್ರದ ಚೊಂಬು ಅಂಗಳದ ಕಂಬದ ಮೇಲೆ ಹತ್ತಿ ಕೂತಿತ್ತು. ಮಳೆ ಬಂದರೆ ಎಲ್ಲರೂ ಒಳಗೆ ಓಡ್ತಾರೆ, ನಮ್ಮ ಮಾವ ಹೊರಗೆ! ಒಂದು ಸಲ ಸುಡು ಬೇಸಿಗೇಲಿ ಯಾರೋ ತಮಾಷೆಗೆ ಅದಕ್ಕೆ ನೀರು ಹುಯ್ದರು. ಬೆಳಿಗ್ಗೆ ಮಾವನವರು ಚೊಂಬು ನೋಡಿದರು, ಆಕಾಶ ನೋಡಿದರು. ಬೆರಳಿಂದ ಒಂದು ತೊಟ್ಟು ನಾಲಿಗೆಗೆ ಇಟ್ಟುಕೊಂಡರು. ಆಮೇಲೆ ಚೊಂಬು ಹಿಡಿದು ನೆಟ್ಟಗೆ ಕೆಳಗಿನ ಬೀದಿಯ ಒಂದು ಮನೆಗೆ ಹೋಗಿ, "ನಿಮ್ಮ ಹಿತ್ಲು ಬಾವಿ ನೀರು ನಮ್ಮನೇಲಿತ್ತು ಕಣಪ್ಪ, ತಗೋ" ಅಂದರು. ಆ ಗಂಡಸು ಬೆವೆತುಹೋದ. ಊರಲ್ಲಿ ಏಳು ಬಾವಿ ಇತ್ತು, ಸ್ವಾಮಿ! ಏಳಕ್ಕೂ ರುಚಿ ಬೇರೆ ಅಂತ ನಮಗ್ಯಾರಿಗೆ ಗೊತ್ತಿತ್ತು? ತಲೆ ಕೆಟ್ಟವರು ಅಂತ ನಗೋಕೆ ಬಾಯಿ ತೆರೆದರೆ, ತೆರೆದ ಬಾಯಿ ಹಾಗೇ ನಿಲ್ಲೋ ಥರ ಮಾಡೋರು.

ತಲೆನೋವು ಬಂದರೆ ಶುಂಠಿ ತೇದು ಹಣೆಯ ಎಡಗಡೆಗೆ ಮಾತ್ರ ಹಚ್ಚಿಕೊಳ್ಳೋರು. "ಬಲಗಡೆಗೆ, ಮಾವ?" ಅಂದರೆ, "ಅದನ್ನ ಹೋಲಿಸಿ ನೋಡಕ್ಕೆ ಬುಟ್ಟಿದ್ದೀನಿ." ಒಳ್ಳೇದಾದದ್ದು ಶುಂಠಿಯಿಂದಲೋ ತಾನಾಗೋ ತಿಳೀಬೇಡವಾ? ಅರ್ಧ ತಲೆ ನೋಯಿಸಿಕೊಂಡೇ ತಿಳಿದುಕೊಂಡರು.

ಇನ್ನು ಚೀಟಿ! ಆ ಮನೇಲಿ ಚೀಟಿ ಕಟ್ಟದ ವಸ್ತು ಯಾವುದಿತ್ತು? ಕುಂಬಳಕಾಯಿಗೆ ಚೀಟಿ, ಎಮ್ಮೆ ಕೊಂಬಿಗೆ ಚೀಟಿ, ಉಪ್ಪಿನಕಾಯಿ ಜಾಡಿಗೆ ಚೀಟಿ, ಯಾವ ದಿನ, ಎಷ್ಟು, ಎಲ್ಲಿಂದ. ಮುಂದೆ ನನ್ನ ಹಿರೀಮಗ ಹುಟ್ಟಿದಾಗ ರಾಗಿ ತೂಗೋ ತಕ್ಕಡೀಲಿಟ್ಟು ತೂಗಿ ಕಾಲಿಗೊಂದು ಚೀಟಿ ಕಟ್ಟಿದರು. ಬಾಣಂತಿ ಕೋಣೆಯ ಬಾಗಿಲಲ್ಲಿ ಅತ್ತೆ ಸೊಂಟಕ್ಕೆ ಕೈ ಕೊಟ್ಟು ನಿಂತು, "ಬೇರೆ ಕೂಸಿನ ಜತೆ ಬೆರ್ತೋಗಕ್ಕೆ ಅದೇನು ರಾಗಿಯಾ?" ಅಂದರು. ಮಾವನವರು ಅದನ್ನೂ ಯೋಚನೆ ಮಾಡಿ, ಬಿಚ್ಚಿದರು.

ಈ ಚೀಟಿಗಳೇ ನನ್ನ ಕುತ್ತಿಗೆಗೆ ಬಂದದ್ದು. ಕೇಳಿ.

ನಾನು ಬಂದ ಮೊದಲ ಸುಗ್ಗಿ. ಅವರೆಕಾಯಿ ಕಾಲ. ಅತ್ತೆ ತಮ್ಮ ಮಗಳ ಬಾಣಂತನಕ್ಕೆ ಮಳವಳ್ಳಿಗೆ ಹೋಗಿದ್ದರು. ಬೆಳಗಿನ ಹೊತ್ತು ಮದ್ದೂರಿಂದ ನನ್ನ ಗಂಡನ ಕಡೆಯ ನೆಂಟರು ಏಳು ಜನ ಬಂದಿಳಿದರು. ಒಲೆ ಮೇಲೆ ಅವರೆಕಾಳು ಸಾರು ಕುದೀತಾ ಇದೆ, ಡಬ್ಬ ನೋಡಿದರೆ ರಾಗಿ ಹಿಟ್ಟಿಲ್ಲ! ಮನೆಯ ರಾಗಿ ಎಲ್ಲ ಹಗೇವಿನಲ್ಲಿ. ಹಗೇವು ಅಂದರೆ ನೆಲದೊಳಗಿನ ಕಣಜ, ಈಗಿನವರಿಗೆ ಗೊತ್ತಿರಲಾರದು. ಬಾಯಿ ತೆಗೆದ ಕೂಡಲೇ ಇಳಿಯೋ ಹಾಗಿಲ್ಲ, ಒಳಗಿನ ಕೆಟ್ಟ ಗಾಳಿ ಹೋಗೋ ತನಕ ಕಾಯಬೇಕು, ಇಲ್ಲದಿದ್ದರೆ ಇಳಿದವನು ಹತ್ತಲ್ಲ. ಗಂಡಸರೆಲ್ಲ ಹೊಲದಲ್ಲಿ. ಅಟ್ಟ ಹತ್ತಿ ತಡಕಾಡಿದೆ. ಒಂದು ಮಡಕೆ ಸಿಕ್ಕಿತು. ಬಾಯಿಗೆ ಬಟ್ಟೆ ಕಟ್ಟಿ ಸಗಣಿ ಬಳಿದಿತ್ತು. ಬಿಚ್ಚಿದರೆ ಬೂದಿ, ಬೇವಿನ ಸೊಪ್ಪು, ಒಳಗೆ ಕೆಂಪಗೆ ಹೊಳೆಯೋ ರಾಗಿ.

ಮಡಕೆ ಕತ್ತಿಗೆ ಚೀಟಿ ಇತ್ತು. ಇಲ್ಲ ಅನ್ನಲ್ಲ. ಆದರೆ ಎಮ್ಮೆಗೂ ಚೀಟಿ ಇರೋ ಮನೇಲಿ ಮಡಕೆ ಚೀಟಿ ಯಾರು ಓದ್ತಾರೆ?

ಮೊರದಲ್ಲಿ ಕೇರಿ, ಬೀಸೋ ಕಲ್ಲಿಗೆ ಹಾಕಿ ಬೀಸಿದೆ. ನಮ್ಮ ಕಡೆ ಮುದ್ದೆಗೆ ಹಿಟ್ಟು ಅಂತಲೇ ಅನ್ನೋದು. ಹಿಟ್ಟು ತಿರುವುವಾಗಲೇ ಕೈಗೆ ಗೊತ್ತಾಯಿತು, ಇದು ಬೇರೆ ಥರ ರಾಗಿ ಅಂತ. ಗಂಟಿಲ್ಲ, ಅಂಟಿಲ್ಲ, ಕೋಲಿಗೆ ಮೆತ್ತಿಕೊಳ್ಳಲ್ಲ. ಮನೆ ತುಂಬ ಘಮ. ಬಡಿಸಿದೆ.

ಮಾವನವರು ಒಂದು ತುತ್ತು ಮುರಿದು ಸಾರಿಗೆ ಅದ್ದಿ ನುಂಗಿದರು. ಇನ್ನೊಂದು ತುತ್ತು ನುಂಗಿದರು. ಅವರದು ಯಾವಾಗಲೂ ಅಳತೆ ಊಟ, ಒಂದೇ ಮುದ್ದೆ. ಅವತ್ತು ಎರಡನೇದು ಹಾಕಿಸಿಕೊಂಡರು! ನೆಂಟರು ಮುಖ ಮುಖ ನೋಡಿಕೊಂಡರು.

"ಅಮ್ಮಣ್ಣಿ, ಯಾವ ರಾಗಿ ಇದು? ಇಷ್ಟು ವರ್ಸ ಉಂಡಿದ್ದೀನಿ, ಇಂಥದ್ದ ಉಂಡಿಲ್ಲ."

ನಾನು ಹಿಗ್ಗಿ ಹೀರೇಕಾಯಿ ಆಗಿ, "ಅಟ್ಟದ ಮೇಲೆ ಮಡ್ಕೇಲಿತ್ತಲ್ಲ ಮಾವ" ಅಂದೆ.

ಅವರ ಕೈ ತಟ್ಟೆಯಲ್ಲೇ ನಿಂತುಹೋಯಿತು.

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ತಟ್ಟೆಯಲ್ಲಿದ್ದದ್ದನ್ನ ಪೂರ್ತಿ ಉಂಡರು, ಅನ್ನ ಬಿಸಾಕೋ ಮನುಷ್ಯ ಅಲ್ಲ. ಕೈ ತೊಳೆದು ಬಂದು ಬೀಸೋ ಕಲ್ಲಿನ ಮುಂದೆ ಕೂತು, ಮೇಲಿನ ಕಲ್ಲು ಎತ್ತಿ ಪಕ್ಕಕ್ಕಿಟ್ಟರು. ಪೊರಕೆಯಿಂದ ಒಂದು ಕಡ್ಡಿ ಮುರಿದುಕೊಂಡು, ಕಲ್ಲಿನ ಗೂಟದ ಸುತ್ತ ಕೆದಕೋಕೆ ಶುರು ಮಾಡಿದರು. ಒಡೆಯದೆ ಉಳಿದ ಕಾಳಿಗೆ! ಆಮೇಲೆ ಮೊರದ ಹೆಣಿಗೆಯ ಸಂದಿ. ಆಮೇಲೆ ಅಡಿಗೆ ಮನೆ ನೆಲದ ಬಿರುಕು. ಮಡಕೆಯ ತಳದ ಬೂದಿಯನ್ನ ಅಂಗೈ ಮೇಲೆ ಹಾಕಿ ಊದಿ ಊದಿ ನೋಡಿದರು. ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ನನ್ನ ಗಂಡ ಹೊಲದಿಂದ ಬಂದು ವಿಷಯ ತಿಳಿದು "ಕಣ್ಣಿರ್ನಿಲ್ವ ನಿಂಗೆ?" ಅಂತ ಕೂಗಾಡಿದರೆ ಮಾವನವರು ತಲೆ ಎತ್ತದೆ, "ಸದ್ದು ಮಾಡ್ಬ್ಯಾಡ ಕಣ್ಲಾ, ಎಣಿಕೆ ತಪ್ತದೆ" ಅಂದರು.

ಅಷ್ಟರಲ್ಲಿ ನಮ್ಮ ಹ್ಯಾಟೆ ಕೋಳಿ ಮೊರದ ಹತ್ತಿರ ಏನನ್ನೋ ಕುಕ್ಕಿ ನುಂಗಿತು. ಮಾವನವರು ಅದನ್ನ ಹಿಡಿದರು. ಕುಕ್ಕೆ ಕೆಳಗೆ ಹಾಕಿ ಎರಡು ದಿನ ಕಾದರು. ಕುಕ್ಕೆಗೂ ಒಂದು ಚೀಟಿ! ಕೋಳಿ ಒಂದು ಕಾಳೂ ವಾಪಸ್ ಕೊಡಲಿಲ್ಲ. ಬದಲಿಗೆ ಮೊಟ್ಟೆ ಕೊಟ್ಟಿತು.

ಊರ ಮೇಲೆ ಹಿಡಿ ಹಿಡಿ ಹಂಚಿದ್ದರಲ್ಲ, ಅಲ್ಲಾದರೂ ಸಿಗುತ್ತೆ ಅಂತ ಮನೆ ಮನೆಗೆ ಹೋದರು. ಒಬ್ಬರು ಬೇರೆ ರಾಗಿ ಜತೆ ಬೆರೆಸಿಬಿಟ್ಟಿದ್ದರು. ಒಬ್ಬರು ಎತ್ತಿಗೆ ಹಾಕಿದ್ದರು. ಇನ್ನೊಬ್ಬರು ಹುರಿದು ಹುರಿಹಿಟ್ಟು ಮಾಡಿಕೊಂಡಿದ್ದರು. "ಬಾಳ ಚೆನ್ನಾಗಿತ್ತು ಸ್ವಾಮಿ, ಇನ್ನೊಂದ್ ಇಡಿ ಅದಾ?"

ಅಂತೂ ಕೈಗೆ ಸಿಕ್ಕಿದ್ದು ನೂರಾ ಹನ್ನೊಂದು ಕಾಳು. ಒಂದು ಚಮಚದ ತಳ ಮುಚ್ಚದಷ್ಟು. ಮೀಸೆ ಮೂಡದ ವಯಸ್ಸಿನಿಂದ ಕೂದಲು ನೆರೆಯೋ ತನಕ ಕಾಪಾಡಿದ್ದು ಒಂದು ಮಧ್ಯಾಹ್ನ ಏಳು ಜನ ನೆಂಟರ ಹೊಟ್ಟೆಗೆ ಹೋಗಿತ್ತು. ನೆಂಟರೋ, ಎರಡೆರಡು ಮುದ್ದೆ ಹೊಡೆದು ಜಗಲಿ ಮೇಲೆ ಗೊರಕೆ ಹೊಡೀತಾ ಇದ್ದರು!

ನಾಲ್ಕು ದಿನ ಮಾವನವರು ಮಾತಾಡಲಿಲ್ಲ. ಐದನೇ ದಿನ ಕಾರ್ಡು ಬರೆದು ನನ್ನ ಕೈಗೆ ಕೊಟ್ಟು, "ಪಕ್ಕದೂರು ದೊಡ್ಡಿಗೋಗಿ ಪೋಸ್ಟ್ ಡಬ್ಬಕ್ಕೆ ಹಾಕ್ಬುಟ್ಟು ಬಾ" ಅಂದರು.

ಕಾರ್ಡು ಹೋಗೋದು ಸರ್ಕಾರಿ ಸ್ಕೂಲಿಗೆ. ರಾಗಿ ಸರ್ಕಾರದ್ದು. ತಿಂದವಳು, ತಿನ್ನಿಸಿದವಳು ನಾನು. ಮಾವನವರೋ, ಪುಸ್ತಕದಲ್ಲಿ ಕೂದಲೆಳೆ ಸುಳ್ಳು ಬರೆಯೋರಲ್ಲ. ಮೇಷ್ಟ್ರು ಓದ್ತಾರೆ, ಅಮಲ್ದಾರರಿಗೆ ಹೇಳ್ತಾರೆ, ಪೊಲೀಸಿನವರು ಬರ್ತಾರೆ! ನಗಬೇಡಿ, ಹದಿನೇಳು ವರ್ಷದವಳಿಗೆ ಅಷ್ಟೇ ಬುದ್ಧಿ. ಕೆರೆ ಏರಿ ಮೇಲೆ ಒಂದು ಕಲ್ಲಿನ ಮೇಲೆ ಕೂತೆ. ಕಾರ್ಡು ಅಂದಮೇಲೆ ಬಿಚ್ಚಿದ ಕಾಗದ, ಓದಿದರೆ ಯಾರು ಕೇಳ್ತಾರೆ? ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದೆ. ಬಿತ್ತಿದ ದಿನ, ಮಳೆ, ರೋಗ, ತೆನೆ, ತೂಕ. ಕೊನೆಗೆ:

"ರುಚಿ: ಈ ವರ್ಷ ಮೊದಲನೇ ಸಲ ನೋಡಿದೆವು. ಬಹಳ ಚೆನ್ನಾಗಿದೆ. ಪರೀಕ್ಷೆ ಮಾಡಿದವರು ನಮ್ಮ ಸೊಸೆ. ಉಳಿದ ಬೀಜ ನೂರಾ ಹನ್ನೊಂದು ಕಾಳು."

ಅಷ್ಟೇ.

ಇನ್ನೊಂದು ಸಲ ಓದಿದೆ. ಎಲ್ಲಾದರೂ ಸುಳ್ಳಿದೆಯಾ? ಇಲ್ಲ. ಒಂದಕ್ಷರವೂ ಸುಳ್ಳಿಲ್ಲ. ನನ್ನ ಮೇಲೆ ದೂರಿದೆಯಾ? ಅದೂ ಇಲ್ಲ. ನಾಲ್ಕು ದಿನ ಮಾತಾಡದೆ ಕೂತು ಆ ಮನುಷ್ಯ ಹುಡುಕುತ್ತಾ ಇದ್ದದ್ದು ಈ ಮಾತನ್ನ! ಕಲ್ಲಿನ ಸಂದೀಲಿ ಕಾಳು ಹುಡುಕಿದ ಹಾಗೆ.

ಕಾರ್ಡು ಹಾಕಿ ಮನೆಗೆ ಬಂದೆ. ತಡೆಯೋಕಾಗದೆ ಕೇಳಿಯೇ ಬಿಟ್ಟೆ.

"ಮಾವ, ಮೇಷ್ಟ್ರು ಬೈಯಲ್ವ?"

"ಮೇಷ್ಟ್ರಾ? ಅವರು ಸತ್ತು ಹದಿನೈದು ವರ್ಸ ಆಯ್ತಲ್ಲಮ್ಮಣ್ಣಿ."

ನಾನು ಐದು ದಿನ ನಡುಗಿದ್ದು ಸತ್ತವರಿಗೆ ಹೆದರಿ!

"ಮತ್ತೆ ಯಾರ್ಗೆ ಬರೀತೀರ?"

"ಮೇಷ್ಟ್ರಿಗೆ."

"ಸತ್ತೋಗವ್ರೆ ಅಂದ್ರಲ್ಲ?"

"ಸತ್ರೇನು? ಬರೀಬ್ಯಾಡ ಅಂತ ಯೋಳಿ ಸತ್ತಿಲ್ವಲ್ಲ."

ಇದಕ್ಕೆ ನೀವು ಏನು ಹೇಳ್ತೀರಿ? ನಾನಂತೂ ಹೋಗಿ ಸಾರಿಗೆ ಒಗ್ಗರಣೆ ಹಾಕಿದೆ.

ಮುಂಗಾರಿಗೆ ಆ ನೂರಾ ಹನ್ನೊಂದನ್ನ ಒಟ್ಲು, ಅಂದರೆ ಸಸಿಮಡಿ, ಹಾಕಿದರು, ಒಂದು ಮೊರದಗಲ ಜಾಗದಲ್ಲಿ. ಕಾವಲು ಯಾರು? ನಾನೇ. ಗುಬ್ಬಿ, ಇರುವೆ, ಆ ಹಳೇ ಕಳ್ಳ ಹ್ಯಾಟೆ, ಎಲ್ಲದರ ಮೇಲೂ ಕಣ್ಣು. ಮೂರು ದಿನ ಏನೂ ಇಲ್ಲ. ನಾಲ್ಕನೇ ದಿನ ಬೆಳಿಗ್ಗೆ ನೋಡ್ತೀನಿ, ಹಸಿರು ಸೂಜಿಮೊನೆ! ಒಂದು, ಎರಡು, ಏಳು. "ಮಾವಾ!" ಅಂತ ನಾನು ಕೂಗಿದ್ದು ಮೂರು ಬೀದಿಗೆ ಕೇಳಿತಂತೆ. ಯಾರಿಗೋ ಹಾವು ಕಚ್ಚಿತು ಅಂತ ಜನ ದೊಣ್ಣೆ ಹಿಡಿದು ಓಡಿ ಬಂದರು. ತೊಂಬತ್ತರ ಮೇಲೆ ಮೊಳೆತವು. ಹಗ್ಗ ಹಿಡಿದು ನಾಟಿ ಮಾಡಿದೆವು. ಹಗ್ಗದ ಈ ತುದಿ ಮಾವ, ಆ ತುದಿ ನಾನು. ಒಂದೊಂದು ಬುಡವೂ ಸುತ್ತ ಮರಿ ಹಾಕಿ ಹತ್ತು ಹತ್ತು ತೆಂಡೆ ಒಡೆದು ನಿಂತಿತು. ಸುಗ್ಗಿಗೆ ಮಡಕೆ ಮತ್ತೆ ತುಂಬಿತು. ಕತ್ತಿನ ಚೀಟಿ ಈ ಸಲ ನಾನೇ ಬರೆದೆ: ಬೇಯಿಸಬಾರದು.

ಅದಾಗಿ ಕೆಲವು ವರ್ಷಕ್ಕೆ ಊರ ರಾಗಿಗೆಲ್ಲ ಬೆಂಕಿ ರೋಗ ಬಿತ್ತು. ತೆನೆ ಕತ್ತು ಕಪ್ಪಗಾಗಿ ಮುರಿದು ಜೋತುಬಿದ್ದವು. ನಮ್ಮ ದೊಡ್ಡ ಹೊಲದ್ದೂ ಹೋಯಿತು. ಹಿತ್ತಲ ಎಂಟು ಸಾಲು ಮಾತ್ರ ಸಿಪಾಯಿಗಳ ಥರ ನೆಟ್ಟಗೆ ನಿಂತಿತ್ತು. ಚೊಂಬಿಗೆ ನೀರು ಹುಯ್ದವನೂ, ಎತ್ತಿಗೆ ಹಾಕಿದವನೂ ಎಲ್ಲ ಬದುವಿನ ಮೇಲೆ ಬಂದು ನಿಂತರು. ಒಬ್ಬೊಬ್ಬರೂ ತೆನೆ ಮುಟ್ಟಿ ಮುಟ್ಟಿ ನೋಡಿದರು. ಕೊನೆಗೆ ಒಬ್ಬ, "ತಲೆ ಕೆಟ್ಟಿದ್ದು ನಮ್ಗೆ ಕಣ್ರಲಾ" ಅಂದ. ಮಾವನವರು ಯಾರಿಗೂ ಹಳೇದು ಎತ್ತಿ ಆಡಲಿಲ್ಲ. ಎಲ್ಲರಿಗೂ ಒಂದೊಂದು ಹಿಡಿ ಕೊಟ್ಟರು. ಒಂದೇ ಕರಾರು: ಏನಾಯಿತು ಅಂತ ಬರೆದು ಕೊಡಬೇಕು.

ಬರೆಯೋಕೆ ಯಾರಿಗೆ ಬರುತ್ತೆ? "ಮೊಳಕೆ ಬಂತು ಸ್ವಾಮಿ" ಅಂತ ಬಾಯಲ್ಲಿ ಹೇಳೋಕೆ ಬಂದರೆ, "ಬಾಯಿ ಮಾತು ಗಾಳಿಗೋಯ್ತದೆ, ನಮ್ಮ ಅಮ್ಮಣ್ಣಿ ಅವಳೆ, ಬರ್ಸು" ಅನ್ನೋರು. ನಾನು ಜಗಲಿ ಮೇಲೆ ಕೂತು ಊರ ರಾಗಿಯ ಹಣೆಬರಹವನ್ನೆಲ್ಲ ಬರೆದೆ. ಒತ್ತಕ್ಷರ ಬಿಟ್ಟರೆ ಮಾವನವರು ತಿದ್ದೋರು. ನನ್ನ ಹೈಸ್ಕೂಲು ಅಂದರೆ ಆ ಜಗಲಿ.

ಆಮೇಲೆ ಹೊಲಗಳಿಗೆ ನಾಲೆ ನೀರು ಹರಿಯಿತು. ಕಬ್ಬು ಬಂತು, ಭತ್ತ ಬಂತು, ಹೊಸ ಹೊಸ ರಾಗಿ ಬೀಜ ಸರ್ಕಾರದವರೇ ಚೀಲದಲ್ಲಿ ಕೊಟ್ಟರು. ಅವೂ ಒಳ್ಳೆಯವೇ, ಸುಳ್ಳು ಹೇಳಬಾರದು. ಊರವರು ಒಬ್ಬೊಬ್ಬರೇ ನಮ್ಮ ರಾಗಿ ಬಿಟ್ಟರು. ಮಾವನವರಿಗೆ ಬೇಜಾರಾಯಿತಾ ಅಂತ ಕೇಳಿದೆ. "ಒಳ್ಳೇದು ಬಂದ್ರೆ ಬುಡ್ಲೇಬೇಕಲ್ಲ" ಅಂದು, ಹಗ್ಗ ತಗೊಂಡು ಎಂಟು ಸಾಲಿಗೆ ಹೊರಟರು.

ಎಂಬತ್ತು ದಾಟಿದ ಮೇಲೆ ಒಂದು ವರ್ಷ ಕಾಯಿಲೆ ಬಿದ್ದರು. ಎಲ್ಲರೂ ಬೀಳ್ತಾರೆ. ರಾಗಿ ತೆನೆ ಬಲೀತಾ ಇದ್ದ ಕಾಲ. ಒಂದು ತೆನೆ ಕೊಯ್ದು ತಂದು ಕೈಗೆ ಕೊಟ್ಟೆ. ಹೆಬ್ಬೆರಳಿಂದ ಉಜ್ಜಿ, ಕಾಳು ಒತ್ತಿ ನೋಡಿ, "ಇನ್ನು ಎಂಟು ದಿನ ಬುಡಮ್ಮಣ್ಣಿ, ಆಮೇಲೆ ಕುಯ್ಯಿ" ಅಂದರು. ಅವರು ಐದು ದಿನ ಇದ್ದರು. ನಾನು ಎಂಟು ದಿನ ಬಿಟ್ಟೇ ಕುಯ್ದೆ.

ತಿಥಿ ಎಲ್ಲ ಮುಗಿಯಿತು, ರಾಗಿ ಬಡಿದು ಮಡಕೆಗೆ ತುಂಬಿಯಾಯಿತು. ಕಾರ್ಡು ಬಾಕಿ. ತಂದು ಬರೆಯೋಕೆ ಕೂತೆ. ಬಿತ್ತಿದ ದಿನ ಬರೆದೆ. ಮಳೆ ಬರೆದೆ. ರೋಗ ಅನ್ನೋ ಕಡೆ "ರಾಗಿಗೆ ಇಲ್ಲ" ಅಂತ ಬರೆದೆ. ತೆನೆ, ತೂಕ ಬರೆದೆ. ರುಚಿ: ನೋಡಿಲ್ಲ. ತಿರ‍್ಗಿಸಿದರೆ ವಿಳಾಸ! ಅದನ್ನ ಮಾವನವರು ಯಾವಾಗಲೂ ಇಂಗ್ಲಿಷಿನಲ್ಲಿ ತಾವೇ ಬರೀತಾ ಇದ್ದರು. ನನಗೆ ಬರಲ್ಲ. ಮೇಷ್ಟ್ರ ಹೆಸರೂ ನಾನು ಕೇಳಿದವಳಲ್ಲ. ನನಗೆ ಹೇಳಿಕೊಟ್ಟ ಮೇಷ್ಟ್ರು ಅಂದರೆ ಒಬ್ಬರೇ.

ಮದುವೆಯಾದಾಗಿನಿಂದ ಬಾಯಲ್ಲಿ ಒಂದು ಸಲವೂ ಆಡದ ಹೆಸರನ್ನ ಅವತ್ತು ದಪ್ಪ ಅಕ್ಷರದಲ್ಲಿ ಬರೆದೆ. ಕೆಳಗೆ ನಮ್ಮೂರ ಹೆಸರು ಬರೆದೆ. ಡಬ್ಬಕ್ಕೆ ಹಾಕಿದೆ.

ನಾಲ್ಕು ದಿನಕ್ಕೆ ಪೋಸ್ಟಿನವನು ಕಾರ್ಡು ಹಿಡಿದು ಬಂದ.

"ಏನಕ್ಕ ಇದು, ಸತ್ತೋರ್ಗೆ ಕಾಗ್ದ ಹಾಕಿದ್ದೀಯ?"

"ಸತ್ರೇನ್ಲಾ? ಬರೀಬ್ಯಾಡ ಅಂತ ಯೋಳಿ ಸತ್ತಿಲ್ವಲ್ಲ" ಅಂದೆ.

ಅವನು ನನ್ನ ತಲೆ ನೋಡಿದ. ನೋಡಲಿ ಬಿಡಿ. ಕಾರ್ಡನ್ನ ದಾರದಲ್ಲಿ ಪೋಣಿಸಿ ಅಟ್ಟದ ಮೇಲಿನ ಬೀಜದ ಮಡಕೆ ಕತ್ತಿಗೆ ಕಟ್ಟಿದೆ. ಆವತ್ತಿಂದ ವರ್ಷಕ್ಕೊಂದು. ಈಗ ಸುತ್ತ ಎಲ್ಲ ಕಬ್ಬು, ನಡುವೆ ನನ್ನ ಎಂಟು ಸಾಲು. ಹಗ್ಗದ ಆ ತುದಿ ಹಿಡಿಯೋಕೆ ಗೂಟ ಹೊಡೆದುಕೊಂಡಿದ್ದೀನಿ.

ಈ ವರ್ಷ ಪೋಸ್ಟಿಗೆ ಹೊಸ ಹುಡುಗಿ ಬಂದಿದ್ದಾಳೆ, ಸ್ಕೂಟರಿನಲ್ಲಿ ಬರ್ತಾಳೆ. ಮೊನ್ನೆ ಬಾಗಿಲಲ್ಲಿ ನಿಂತು ಕಾರ್ಡು ನೋಡಿ ಮಾವನವರ ಹೆಸರನ್ನ ಜೋರಾಗಿ ಕೂಗಿದಳು. ಎಷ್ಟು ವರ್ಷ ಆಗಿತ್ತೋ ಆ ಹೆಸರನ್ನ ಈ ಮನೇಲಿ ಯಾರಾದರೂ ಕೂಗಿ!

"ಅಜ್ಜಿ, ಇವ್ರು ಮನೇಲವ್ರಾ?"

"ಅವ್ರೆ ಕಣವ್ವ" ಅಂದೆ. "ಅಟ್ಟದ ಮೇಲವ್ರೆ. ಕೊಡು, ಕೊಡ್ತೀನಿ."